ಹೋಲ್ಬೈನ್ ಹೊಲಿಗೆಯೂ ದೊಡ್ಡವ್ವನ ಗವಂತಿಯೂ

ಊರಿಂದ ಬಂದವರನ್ನು ಲಂಡನ್ನಿನ ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಗೆ ಕರೆದುಕೊಂಡು ಹೋಗುವುದು ಹತ್ತು ವರ್ಷದಿಂದ ನನ್ನ ಖಾಯಂ ಕೆಲಸ. ಟಿಕೆಟ್ ಇಲ್ಲ, ಮಳೆ ಬಂದರೆ ತಲೆ ಮೇಲೆ ಸೂರೂ ಆಯಿತು. ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ ‘ರಾಯಭಾರಿಗಳು’ ಚಿತ್ರದ ಮುಂದೆ ಬಂದವರೆಲ್ಲ ಪಕ್ಕಕ್ಕೆ ಸರಿದು ಓರೆಗಣ್ಣು ಮಾಡುತ್ತಾರೆ. ಕೆಳಗೆ ಚಾಚಿದಂತೆ ಬರೆದ ತಲೆಬುರುಡೆ ಆ ಓರೆಯಿಂದಷ್ಟೇ ಸರಿಯಾಗಿ ಕಾಣುತ್ತದೆ. ನನ್ನ ಕಣ್ಣು ಮಾತ್ರ ಚಿತ್ರದಲ್ಲಿ ನಿಂತ ಇಬ್ಬರು ಗಂಡಸರ ನಡುವಿನ ಮೇಜಿಗೆ ಹೊದಿಸಿದ ರತ್ನಗಂಬಳಿಯ ಮೇಲೆ. ಅದು ಅನಾತೋಲಿಯಾ, ಅಂದರೆ ಈಗಿನ ಟರ್ಕಿ ಕಡೆಯ ನೇಯ್ಗೆ. ಆ ಬಗೆಯ ಗಂಬಳಿಗೆ ಇಲ್ಲಿನ ಪುಸ್ತಕಗಳಲ್ಲಿ, ಹರಾಜಿನ ಪಟ್ಟಿಗಳಲ್ಲಿ ಏನನ್ನುತ್ತಾರೆ ಗೊತ್ತೇ? ‘ಹೋಲ್ಬೈನ್ ಕಾರ್ಪೆಟ್’. ನೇಯ್ದವರ ಹೆಸರು ಹೋಗಲಿ, ಊರಿನ ಹೆಸರೂ ಇಲ್ಲ. ಎದುರಿಗಿಟ್ಟುಕೊಂಡು ಚಿತ್ರ ಬರೆದವನ ಹೆಸರು ಅದಕ್ಕೆ ಅಂಟಿಕೊಂಡಿದೆ.

ಗಂಬಳಿಯದ್ದು ಹೋಗಲಿ, ನನಗೆ ನಿಜವಾಗಿ ಚುಚ್ಚಿದ್ದು ಸೂಜಿಯ ವಿಷಯ.

ನಾನು ಧಾರವಾಡದವನು. ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದ ಮೇಲೆ ದೊಡ್ಡವ್ವ ಬಾಗಿಲ ಬೆಳಕಿಗೆ ಕುಳಿತು ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುತ್ತಿದ್ದಳು. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇಲ್ಲ, ಅಚ್ಚಿಲ್ಲ, ಎಳೆ ಎಣಿಸಿಕೊಂಡೇ ಹೋಗಬೇಕು. ಮೆಂತ್ಯ, ನೇಯ್ಗೆ, ಮುರಗಿ, ಗವಂತಿ ಎಂದು ನಾಲ್ಕು ಬಗೆ. ಗವಂತಿಯಲ್ಲಿ ಸೂಜಿ ಒಂದು ಸಲ ಬಿಟ್ಟು ಬಿಟ್ಟು ಮುಂದೆ ಹೋಗುತ್ತದೆ, ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತದೆ. ಗಂಟು ಹಾಕುವ ಹಾಗಿಲ್ಲ. ಗೋಪುರದ ಕಳಸಕ್ಕೆ ಹತ್ತಿದ ದಾರಕ್ಕೆ ಇಳಿಯುವ ದಾರಿಯನ್ನು ಮೊದಲೇ ತಲೆಯಲ್ಲಿ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಅಲ್ಲೇ ಸಿಕ್ಕಿಬಿದ್ದ ಹಾಗೆ. ಮುಗಿದ ಮೇಲೆ ಸೆರಗಿನ ಒಳಮೈ ಯಾವುದು, ಹೊರಮೈ ಯಾವುದು ಗೊತ್ತಾಗಬಾರದು. ಗೊತ್ತಾಯಿತೋ, ಬಿಚ್ಚು. ದೊಡ್ಡವ್ವ ಒಂದು ತೇರನ್ನು ಮೂರು ಸಲ ಬಿಚ್ಚಿದ್ದನ್ನು ನಾನೇ ನೋಡಿದ್ದೇನೆ.

ಇಂಗ್ಲೆಂಡಿನಲ್ಲೂ ಹದಿನಾರನೇ ಶತಮಾನದಲ್ಲಿ ಬಿಳಿ ನಾರುಬಟ್ಟೆಯ ಮೇಲೆ ಕಪ್ಪು ರೇಷ್ಮೆಯಿಂದ ಇದೇ ಹೊಲಿಗೆ ಹಾಕುತ್ತಿದ್ದರು. ಹೋಗಿ, ತಿರುಗಿ ಬಂದು, ಎರಡೂ ಮೈ ಒಂದೇ. ಹೋಲ್ಬೈನ್ ಬರೆದ ರಾಣಿ ಜೇನ್ ಸೀಮೋರಳ ಚಿತ್ರ ವಿಯೆನ್ನಾದಲ್ಲಿದೆ. ಅದರಲ್ಲಿ ಅವಳ ಮುಂಗೈಯ ನಿರಿಗೆಯಲ್ಲಿ ಈ ಕೆಲಸ ಹೊಲಿಗೆ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅಷ್ಟಕ್ಕೇ ಹೊಲಿಗೆಯ ಹೆಸರೇ ‘ಹೋಲ್ಬೈನ್ ಸ್ಟಿಚ್’ ಆಗಿಬಿಟ್ಟಿದೆ. ನಮ್ಮ ಓಣಿಯ ಹೆಂಗಸರು ದಿನಾ ಹಾಕುವ ಗವಂತಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಹುಡುಕಿದರೆ ಒಬ್ಬ ಜರ್ಮನ್ ಚಿತ್ರಕಾರ ಎದುರಾಗುತ್ತಾನೆ! ಮೇಲು ಕಲೆ, ಕೆಳಗಿನ ಕಲೆ ಎನ್ನುವ ಏಣಿ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ನನಗೆ ಇದಕ್ಕಿಂತ ಚೆನ್ನಾದ ಉದಾಹರಣೆ ಸಿಕ್ಕಿಲ್ಲ.

ಏಣಿಯನ್ನು ಇಲ್ಲಿ ಕಾಯಿದೆ ಬರೆದೇ ನಿಲ್ಲಿಸಿದರು. 1768ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಸ್ಥಾಪಕರಲ್ಲಿ ಇಬ್ಬರು ಹೆಂಗಸರಿದ್ದರು, ಇಬ್ಬರೂ ಚಿತ್ರ ಬರೆಯುವವರು. ಆದರೆ ಸೂಜಿ ಕೆಲಸ, ಕತ್ತರಿಸಿದ ಕಾಗದ, ಚಿಪ್ಪಿನ ಕೆಲಸ ಇವು ಯಾವುವೂ ಅದರ ಪ್ರದರ್ಶನದೊಳಗೆ ಬರಬಾರದು ಎಂದು ಆರಂಭದ ವರ್ಷಗಳಲ್ಲೇ ನಿಯಮವಾಯಿತು. ಮೇರಿ ಲಿನ್‌ವುಡ್ ಎಂಬಾಕೆ ಲೆಸ್ಟರ್ ಚೌಕದಲ್ಲಿ ಸ್ವಂತ ಗ್ಯಾಲರಿ ಇಟ್ಟು ಉಣ್ಣೆದಾರದ ಕಸೂತಿ ತೋರಿಸಿದಳು, ಜನ ಮುಗಿಬಿದ್ದರು. ಆಕೆ ಹೊಲಿದದ್ದು ಹೆಚ್ಚಾಗಿ ದೊಡ್ಡ ಚಿತ್ರಕಾರರ ಚಿತ್ರಗಳ ನಕಲು. ಸೂಜಿಗೆ ಮರ್ಯಾದೆ ಬೇಕಾದರೆ ಅದು ಕುಂಚದ ವೇಷ ಹಾಕಬೇಕಿತ್ತು. 1852ರಲ್ಲಿ ಶುರುವಾಗಿ ಈಗ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಎನಿಸಿಕೊಂಡ ಮ್ಯೂಸಿಯಂ ಅಲಂಕಾರ ಕಲೆಗೆಂದೇ ಬೇರೆ ಮನೆ ಕಟ್ಟಿಕೊಟ್ಟಿತು. ಮನೆ ದೊಡ್ಡದೇ, ಆದರೆ ಬೇರೆಯದು.

ಈಗ ಕಾಲ ಬದಲಾಗಿದೆ ಎನ್ನುತ್ತಾರೆ, ಸುಳ್ಳೇನಲ್ಲ. 2003ರಲ್ಲಿ ಇಲ್ಲಿನ ದೊಡ್ಡ ಕಲಾಪ್ರಶಸ್ತಿಯಾದ ಟರ್ನರ್ ಮಡಕೆ ಮಾಡುವ ಗ್ರೇಸನ್ ಪೆರಿಗೆ ಬಂತು. 2018ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯಲ್ಲಿ ಆನಿ ಆಲ್ಬರ್ಸ್‌ಳ ನೇಯ್ಗೆಗೆ ಕೋಣೆ ಕೋಣೆಗಳನ್ನೇ ಬಿಟ್ಟುಕೊಟ್ಟರು. ಕುಶಲಕರ್ಮಿಗೂ ಕಲಾವಿದನಿಗೂ ಭೇದವಿಲ್ಲ ಎಂದು ಸಾರಿ ಶುರುವಾದ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲೇ, ಹೆಣ್ಣುಮಗಳು ಎಂದು ಮಗ್ಗದ ಕೋಣೆಗೆ ದಾಟಿಸಲ್ಪಟ್ಟವಳು ಆಕೆ. ಆ ಪ್ರದರ್ಶನಕ್ಕೆ ನಾನೂ ಹೋಗಿದ್ದೆ, ಸಂತೋಷವಾಯಿತು. ಆದರೂ ಒಂದು ತಕರಾರಿದೆ. ಮೇಲಿನ ಮೆಟ್ಟಿಲಿಗೆ ಹತ್ತಿದ್ದು ಬಹುಪಾಲು ಬಳಕೆ ಬಿಟ್ಟ ವಸ್ತು. ಆ ಮಡಕೆಯಲ್ಲಿ ನೀರು ತುಂಬುವವರಿಲ್ಲ, ಆ ನೇಯ್ಗೆಯನ್ನು ಹೊದೆಯುವವರಿಲ್ಲ. ದೊಡ್ಡವ್ವನ ಸೆರಗೂ ಗೋಡೆಗೆ ತೂಗಿದರೆ ಕಲೆ, ಸೊಂಟಕ್ಕೆ ಸಿಕ್ಕಿಸಿದರೆ ಸೀರೆ.

ವಿಕ್ಟೋರಿಯಾ ಆಂಡ್ ಆಲ್ಬರ್ಟ್‌ನಲ್ಲಿ ಇರಾನಿನ ಅರ್ದಬಿಲ್ ಗಂಬಳಿ ಇದೆ. ಉದ್ದ ಹತ್ತು ಮೀಟರಿಗೂ ಹೆಚ್ಚು. ಬಣ್ಣ ಮಾಸಬಾರದೆಂದು ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ. ಉಳಿದ ಹೊತ್ತು ಮಂದಗತ್ತಲಲ್ಲಿ ಸುತ್ತ ಕುಳಿತು ಕಾಯಬೇಕು. ಮೊದಲ ಸಲ ಕಾಯುವಾಗ ನನಗೆ ನೆನಪಾದದ್ದು ಗುಡಿಯ ಪರದೆ. ಒಳಗೆ ಅಲಂಕಾರ ನಡೆದಿದೆ ಎಂದು ಎಲ್ಲರೂ ನಿಂತಿರುತ್ತೇವೆ, ಪರದೆ ಸರಿಯಿತು, ಗಂಟೆ ಬಾರಿಸಿತು. ಅಲಂಕಾರವಾಗದೆ ದರ್ಶನ ಇಲ್ಲ. ಹೀಗೆ ಬೆಳೆದವನಿಗೆ ‘ಬರೀ ಅಲಂಕಾರ’ ಎಂದು ಮೂಗು ಮುರಿಯುವುದು ವಿಚಿತ್ರವೆನಿಸುತ್ತದೆ. ದೀಪ ಹತ್ತಿದಾಗ ಗಂಬಳಿಯ ಒಂದು ತುದಿಯಲ್ಲಿ ನೇಯ್ದ ಅಕ್ಷರ ಕಾಣುತ್ತದೆ: ಮಕ್ಸೂದ್ ಕಾಶಾನಿ ಎಂಬ ಹೆಸರು, ಜೊತೆಗೆ ನಮ್ಮ ಲೆಕ್ಕಕ್ಕೆ 1539–40 ಆಗುವ ಹಿಜರಿ ವರ್ಷ. ಹೋಲ್ಬೈನ್ ಬದುಕಿದ್ದ ಕಾಲವೇ ಅದು. ಆದರೆ ಈ ಗಂಬಳಿಗೆ ಬೇರೆಯವರ ಹೆಸರು ಅಂಟಿಸಲು ಆಗಲಿಲ್ಲ.

ನಮ್ಮಲ್ಲೂ ಹೆಸರು ಕೆತ್ತುವ ರೂಢಿ ಇತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಕೆಲಸದ ಕೆಳಗೇ ಹೆಸರು ಬಿಟ್ಟಿದ್ದಾರೆ. ಅಲ್ಲಿ ಬಳ್ಳಿ ಯಾವುದು ಅಲಂಕಾರ, ಮೂರ್ತಿ ಯಾವುದು ಕಲೆ ಎಂದು ಗೆರೆ ಎಳೆಯಲು ಹೋದರೆ ಗೋಡೆಯೇ ನಗುತ್ತದೆ. ಗೆರೆ ಎಳೆದಿದ್ದು ಆಮೇಲೆ ನಾವೇ. ಇಂದು ದೆಹಲಿಯಲ್ಲಿ ಚಿತ್ರಕಾರನ ಫೈಲು ಸಂಸ್ಕೃತಿ ಸಚಿವಾಲಯದಡಿ, ಲಲಿತಕಲಾ ಅಕಾಡೆಮಿಯಲ್ಲಿ. ಕುಶಲಕರ್ಮಿಯ ಫೈಲು ಜವಳಿ ಸಚಿವಾಲಯದಲ್ಲಿ. ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಬಿದರಿ ಕೆಲಸಕ್ಕೆ ಒಬ್ಬ ಮನುಷ್ಯನ ಮುಖ ಸಿಕ್ಕಿತಲ್ಲ ಎಂದು ಖುಷಿಪಟ್ಟೆ. ಕಸೂತಿಗೆ ಸಿಕ್ಕ ಭೌಗೋಳಿಕ ಸೂಚಕದ ಚೀಟಿ ಬೇರೆ ಥರದ್ದು. ಅದರಿಂದ ಸೀಮೆಗೆ ಹೆಸರು, ಹಾಕಿದ ಕೈಗೆ ಇಲ್ಲ. ನನಗೆ ಕೇಳಿದರೆ ‘ಕಲೆ’ ಎಂಬ ಪಟ್ಟವನ್ನು ಆಮೇಲೆ ಕಟ್ಟಿದರೂ ನಡೆದೀತು, ಮೊದಲು ಬೆಲೆ ಚೀಟಿಯ ಮೇಲೆ ಹಾಕಿದವಳ ಹೆಸರು ಬರೆಯಿರಿ.

ಹೋದ ಸಲ ರಜೆಗೆ ಬಂದಾಗ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕಸೂತಿ ಸೀರೆ ಎಂದು ಒಂದನ್ನು ಬಿಚ್ಚಿ ಹಾಸಿದರು. ಸೆರಗು ಮಗುಚಿ ನೋಡಿದೆ, ಒಳಮೈ ತುಂಬ ಮಷಿನ್ ದಾರದ ಜೊಂಪೆ. “ಸೇಮ್ ಟು ಸೇಮ್ ರೀ ಸರ್, ಹಿಂದ ಯಾರ್ ನೋಡ್ತಾರ?” ಎಂದ ಹುಡುಗ.

ನೋಡುವವಳು ಮನೆಯಲ್ಲಿದ್ದಳು. ಪೊರೆ ತೆಗೆಸಿದ ಮೇಲೂ ದೊಡ್ಡವ್ವನಿಗೆ ಎಳೆ ಎಣಿಸುವಷ್ಟು ಕಣ್ಣು ಬಂದಿಲ್ಲ, ಆದರೆ ಫೋನಿನಲ್ಲಿ ಹಿಗ್ಗಿಸಿ ತೋರಿಸಿದರೆ ಕಾಣುತ್ತದೆ. ಜೇನ್ ಸೀಮೋರಳ ಮುಂಗೈ ತೋರಿಸಿದೆ.

“ಇದು ನಮ್ಮ ಗವಂತಿ ಅಲ್ಲೇನಪಾ? ಯಾರ್ ಹಾಕ್ಯಾರ?”

“ಯಾರಂತ ಗೊತ್ತಿಲ್ಲ ದೊಡ್ಡವ್ವ. ಇದು ಚಿತ್ರ, ಐದನೂರು ವರ್ಷದ್ದು.”

“ಛಲೋ ಕಾಣತೈತಿ. ತಿರುವಿ ಹಿಂದಿಂದು ತೋರಸು.”

“ಹಿಂದ ಏನೂ ಇಲ್ಲ, ಬರೇ ಹಲಗಿ.”

“ಹಂಗಾರ ಕೆಲಸ ಹೆಂಗೈತಿ ಅಂತ ನಾ ಹೆಂಗ್ ಹೇಳ್ಲಿ?” ಎಂದು ಫೋನು ನನ್ನ ಕೈಗೆ ಕೊಟ್ಟು, ಒಲೆ ಮೇಲಿನ ಹಾಲು ನೋಡಲು ಎದ್ದಳು.