ಗುದ್ದಲಿ ಮಹಾತ್ಮೆ

ಮಲೆನಾಡಿನ ನಮ್ಮೂರ ಜಲ್ಲಿ ರಸ್ತೆಗೆ ಈ ಮಾರ್ಚ್‌ನಲ್ಲಿ ಒಂಬತ್ತನೆಯ ಗುದ್ದಲಿ ಪೂಜೆ ನಡೆಯಿತು. ಇಷ್ಟು ವರ್ಷಗಳ ಬಿಲ್ಲಿನಲ್ಲಿರುವ ಮೊರಂ, ಅಂದರೆ ರಸ್ತೆಗೆ ಹಾಸುವ ಗರಸು ಮಣ್ಣು, ಎಲ್ಲ ಇದ್ದಲ್ಲೇ ಇದ್ದಿದ್ದರೆ, ನಾವೀಗ ಮನೆಯಿಂದ ರಸ್ತೆಗೆ ಏಣಿ ಹಾಕಿ ಹತ್ತಬೇಕಿತ್ತು. ಆದರೆ ಅರ್ಧ ಪಾಲು ಕೆಳಗಿನ ಅಡಿಕೆ ತೋಟಕ್ಕೆ ಇಳಿದಿದೆ, ಕಾಲು ಪಾಲು ಧೂಳಾಗಿ ನಮ್ಮ ಹಂಚಿನ ಮೇಲೆ ಕುಳಿತಿದೆ. ಉಳಿದ ಕಾಲು ಪಾಲು ಅಳತೆ ಪುಸ್ತಕ ಬಿಟ್ಟು ಹೊರಗೆ ಬಂದೇ ಇಲ್ಲ.

ಪೂಜೆಗೆ ಹೊಚ್ಚ ಹೊಸ ಗುದ್ದಲಿ. ಅಲಗಿಗೆ ಅರಿಸಿನ ಕುಂಕುಮ, ಕಾವಿಗೆ ಸೇವಂತಿಗೆ ಮಾಲೆ. ಮಾನ್ಯರು ಅದನ್ನು ನೆಲಕ್ಕೆ ಮುಟ್ಟಿಸಿದರು. ಫೋಟೊ ಸರಿ ಬರಲಿಲ್ಲವೆಂದು ಇನ್ನೊಮ್ಮೆ ಮುಟ್ಟಿಸಿದರು. ಎರಡು ಏಟಿಗೆ ಎದ್ದ ಮಣ್ಣು ತುಳಸಿ ಕುಂಡಕ್ಕೂ ಸಾಲದು.

ಮಾರ್ಚ್ 31ರೊಳಗೆ ಟಿಪ್ಪರ್‌ಗಳು ಬಂದು ರಾಶಿ ಸುರಿದವು, ಜೆಸಿಬಿ ತನ್ನ ಬಕೆಟ್ಟಿನಿಂದ ಸವರಿತು. ಮೊರಂಗೆ ನೀರುಣಿಸಿ ಹದ ನೋಡಿ ರೋಲರ್ ಓಡಿಸಿದರೆ ಅದರೊಳಗಿನ ಜೇಡಿ ಕಲ್ಲನ್ನು ಕಚ್ಚಿ ಹಿಡಿಯುತ್ತದೆ. ನಮ್ಮಲ್ಲಿ ರೋಲರ್ ಬಂದು ಫೋಟೊಗೆ ನಿಂತು ಹೋಯಿತು. ನೀರಿನ ಟ್ಯಾಂಕರ್ ಫೋಟೊಗೂ ಬರಲಿಲ್ಲ. ಏಪ್ರಿಲ್ ಹೊತ್ತಿಗೆ ಜೇಡಿ ಹಾರಿಹೋಗಿ ಜಲ್ಲಿ ಬರಿಮೈಯಲ್ಲಿ ಉರುಳಾಡುತ್ತಿತ್ತು. ಅದರ ಮೇಲೆ ಓಡುವ ಚಕ್ರಗಳು ಪುಟಿದು ಪುಟಿದು ಬಿದ್ದು, ತಗಡಿನ ಶೀಟು ಹಾಸಿದಂತೆ ಅಡ್ಡಡ್ಡ ಏಣುಗಳೆದ್ದವು. ಬೆಂಗಳೂರಿನಿಂದ ಬಂದ ಅಳಿಯಂದಿರು, "ಇಷ್ಟೊಂದು ಹಂಪ್ ಯಾಕೆ ಹಾಕಿಸಿದ್ದೀರಿ, ಮಾವ?" ಎಂದು ಕೇಳಿದರು. ಅಪಘಾತವಾಗದಿರಲಿ ಎಂದು, ಅಂದೆ.

ಜೂನ್ ಬಂದ ಮೇಲೆ ಹೇಳುವುದೇನಿದೆ. ರಸ್ತೆ ಆಮೆಯ ಬೆನ್ನಿನಂತಿರಬೇಕು, ನೀರು ಎರಡೂ ಕಡೆ ಜಾರಿ ಚರಂಡಿ ಸೇರಬೇಕು. ನಮ್ಮ ರಸ್ತೆಯಷ್ಟು ಅಗಲಕ್ಕೆ ನಡುಭಾಗ ಮೂರು ಇಂಚು ಎದ್ದಿದ್ದರೆ ಸಾಕು, ಅಂದರೆ ಪೂಜೆಗೆ ಒಡೆದ ತೆಂಗಿನಕಾಯಿಯ ಒಂದು ಹೋಳಿನಷ್ಟು. ಈಗಿರುವುದು ಆಮೆಯನ್ನು ಮಗುಚಿ ಹಾಕಿದ ಆಕಾರ. ಚರಂಡಿ ಹೂತುಹೋಗಿರುವುದರಿಂದ ಹಳ್ಳವೇ ರಸ್ತೆಯ ಮೇಲೆ ಹರಿಯುತ್ತದೆ. ಭಾರ ಹೊರುವುದು ಕಲ್ಲಲ್ಲ, ಕಲ್ಲಿನಡಿಯ ಒಣ ನೆಲ ಎಂದು ಸ್ಕಾಟ್ಲೆಂಡಿನ ರಸ್ತೆ ತಜ್ಞ ಜಾನ್ ಮೆಕಾಡಂ ಇನ್ನೂರು ವರ್ಷಗಳ ಹಿಂದೆಯೇ ತಿಳಿಸಿಹೋದ. ಅಷ್ಟು ದೂರ ಯಾಕೆ, ನಾನು ಹುಡುಗನಾಗಿದ್ದಾಗ ಇಲ್ಲಿದ್ದ ಗ್ಯಾಂಗ್‌ಮನ್‌ಗೂ ಅದು ಗೊತ್ತಿತ್ತು. ಕಂಬಳಿ ಕೊಪ್ಪೆ ಹೊದ್ದು ಸುರಿವ ಮಳೆಯಲ್ಲೇ ಬರುತ್ತಿದ್ದ. ಸೊಪ್ಪುಸದೆ ಕಟ್ಟಿಕೊಂಡ ಕಡೆ ಗುದ್ದಲಿಯಿಂದ ನಾಲ್ಕು ಎಳೆತ ಎಳೆದು ನೀರು ಬಿಡಿಸಿ ಬೀಡಿ ಹಚ್ಚುತ್ತಿದ್ದ. ಅವನು ನಿವೃತ್ತನಾದ. ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.

ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಾದರೆ ಕಟ್ಟಿದ ಗುತ್ತಿಗೆದಾರನೇ 5 ವರ್ಷ ನೋಡಿಕೊಳ್ಳಬೇಕೆಂಬ ನಿಯಮವಿದೆ. ನಮ್ಮ ರಸ್ತೆ ಅಷ್ಟು ಪುಣ್ಯ ಮಾಡಿಲ್ಲ.

ಮಳೆ ಹಿಡಿಯುವ ಮೊದಲು ಚರಂಡಿಯನ್ನಾದರೂ ಬಿಡಿಸಿಕೊಡಿ ಎಂದು ಇಂಜಿನಿಯರ್ ಬಳಿ ಹೋಗಿದ್ದೆ. ಕುರ್ಚಿ ಕೊಟ್ಟು ಕೂರಿಸಿದರು. "ನಿರ್ವಹಣೆಗೆ ಅನುದಾನ ಇಲ್ಲ ಭಟ್ಟರೇ. ರಸ್ತೆ ಪೂರ್ತಿ ಹಾಳಾಗಲಿ, ಆಗ ಅಭಿವೃದ್ಧಿ ಲೆಕ್ಕಶೀರ್ಷಿಕೆಯಲ್ಲಿ ಹಾಕಬಹುದು."

"ಈಗ ಎಷ್ಟು ಹಾಳಾಗಿದೆ?"

"ಇನ್ನೊಂದು ಮಳೆಗಾಲ ಬೇಕು."

ಅವರ ಬೀರುವಿನ ಪಕ್ಕದಲ್ಲಿ ಆ ಗುದ್ದಲಿ ಒರಗಿತ್ತು. ಕುಂಕುಮ ಮಾಸಿರಲಿಲ್ಲ, ಅಲಗಿಗೆ ತುಕ್ಕಿರಲಿಲ್ಲ. ಒಂದು ದಿನದ ಮಟ್ಟಿಗೆ ಇದನ್ನು ಕೊಡಿ, ನಾವೇ ನಾಲ್ಕು ಜನ ಸೇರಿ ಚರಂಡಿ ಬಿಡಿಸಿಕೊಳ್ಳುತ್ತೇವೆ ಎಂದೆ. ಅವರು ಗಾಬರಿಯಿಂದ ಎದ್ದು ನಿಂತರು.

"ಅಯ್ಯೋ, ಮಣ್ಣಿಗೆ ಹಾಕಿದರೆ ಹಾಳಾಗುತ್ತದೆ. ಸೋಮವಾರ ಇನ್ನೆರಡು ಪೂಜೆಗಳಿವೆ."