ಡಿಕ್ಕಿಯೊಳಗಿನ ಕಾಚಂಪುಳಿ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿಸಿಕೊಂಡು ಪೊನ್ನಂಪೇಟೆ ಕಡೆಯಿಂದ ಮೈಸೂರಿಗೆ ಹೊರಡುವ ನಮ್ಮ ಕಾರಿನಲ್ಲಿ ಮನುಷ್ಯರಿಗೂ ಜಾಗ ಉಳಿದರೆ ಅದು ಅದೃಷ್ಟ. ಅತ್ತೆಯವರ ಲೆಕ್ಕದಲ್ಲಿ ಮಗಳು, ಅಳಿಯ ಹಿಂದಿರುಗುವುದು ಅಂಗಡಿಗಳೇ ಇಲ್ಲದ ಊರಿಗೆ. ಹೊಸ ಅಕ್ಕಿ, ಕಿತ್ತಳೆ, ಬಾಳೆಗೊನೆ, ಕಾಳುಮೆಣಸು, ಬೆಳಿಗ್ಗೆಯಷ್ಟೇ ಬೇಯಿಸಿದ ಅಕ್ಕಿ ತರಿಯ ಉಂಡೆ ಕಡಂಬುಟ್ಟು ಎಲ್ಲವೂ ಡಿಕ್ಕಿ ಸೇರಿದ ಮೇಲೂ ಅವರು ಮತ್ತೆ ಒಳಗೆ ಹೋಗಿ, ಸ್ಕ್ವಾಶಿನ ಹಳೆಯ ಗಾಜಿನ ಬಾಟಲಿಯಲ್ಲಿ ಕಾಚಂಪುಳಿ ತುಂಬಿ, ಮುಚ್ಚಳ ಸಿಗದ ಕಾರಣ ಬಾಳೆಲೆಯ ತುಂಡನ್ನು ಬಿಗಿಯಾಗಿ ಸುತ್ತಿ ಬಾಯಿಗೆ ತುರುಕಿ ತಂದರು. ಮಳೆಗಾಲದಲ್ಲಿ ಪಣಪುಳಿ ಹಣ್ಣಿನಿಂದ ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಗಾಗುವವರೆಗೆ ಕುದಿಸಿ ಬತ್ತಿಸಿದ ಈ ಹುಳಿ ಚಮಚದಷ್ಟಿದ್ದರೂ ಒಂದು ಪಾತ್ರೆ ಪಂದಿಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ, ಸಾಕು. "ನೆಟ್ಟಗೆ ನಿಲ್ಲಿಸಿ, ಮಲಗಿಸಬೇಡಿ" ಎಂದರು. ಕೊಡಗಿನ ತಿರುವುಗಳಲ್ಲಿ ಕೂತ ಮನುಷ್ಯರೇ ನೆಟ್ಟಗಿರುವುದಿಲ್ಲ ಎಂದು ಅಳಿಯನಾದವನು ಹೇಳಲಾಗುವುದಿಲ್ಲ.

ಗೋಣಿಕೊಪ್ಪಕ್ಕೆ ಬರುವಷ್ಟರಲ್ಲಿ ಎದುರಿನಿಂದ ಪ್ರವಾಸಿಗರ ಕಾರುಗಳ ಸಾಲು ಶುರುವಾಗಿತ್ತು. ನಾವು ಯಾವುದರಿಂದ ಬಿಡಿಸಿಕೊಂಡು ಹೊರಟಿದ್ದೆವೋ ಅದನ್ನೇ ಹುಡುಕಿಕೊಂಡು ಅವರು ಬರುತ್ತಿದ್ದರು. ಕಾಫಿ ತೋಟದ ಒಂದೊಂದು ಗೇಟಿನಲ್ಲೂ ಹೋಂಸ್ಟೇ ಫಲಕ; ಮನೆಯ ಊಟ, ಮನೆಯ ಚಾಕೊಲೇಟು, ಮನೆಯ ವೈನು. ಒಂದರ ಮೇಲಂತೂ ಕೋಣೆ ತೆರವು ಮಾಡುವ ಸಮಯ ಬೆಳಿಗ್ಗೆ 11 ಗಂಟೆ ಎಂದು ದೊಡ್ಡಕ್ಷರಗಳಲ್ಲಿ ಬರೆದಿತ್ತು. ನನಗೆ ನಿಜಕ್ಕೂ ಅಸೂಯೆಯಾಯಿತು. ಹೊರಡುವ ಸಮಯವನ್ನು ಯಾರಾದರೂ ಹೀಗೆ ಗೋಡೆಗೆ ತೂಗುಹಾಕಿದ್ದರೆ, ಕಾಫಿಯಾದ ಮೇಲೆ ತಿಂಡಿ, ತಿಂಡಿಯಾದ ಮೇಲೆ ಪಕ್ಕದ ಮನೆ, ಪಕ್ಕದ ಮನೆಯಲ್ಲಿ ಮತ್ತೆ ಕಾಫಿ ಎಂಬ ಸುತ್ತಿನಿಂದ ನಾವು ಮಧ್ಯಾಹ್ನಕ್ಕೆ ಮೊದಲೇ ಪಾರಾಗುತ್ತಿದ್ದೆವು.

ಊರಾಚೆ, ರಸ್ತೆಯ ಬದಿಯಲ್ಲಿ ನಿಂತಿದ್ದ ಜೆಸಿಬಿಯೊಂದರ ಹಳದಿ ತೋಳಿಗೆ ಹೊಸ ಕದಿರನ್ನು ಎಲೆಗಳಲ್ಲಿ ಸುತ್ತಿ ನಾರಿನಿಂದ ಕಟ್ಟಿದ್ದರು. ಹುತ್ತರಿಯ ರಾತ್ರಿ ಗದ್ದೆಯಲ್ಲಿ ಗುಂಡು ಹಾರಿಸಿ, "ಪೊಲಿ ಪೊಲಿ ದೇವಾ", ಹುಲುಸಾಗಲಿ ದೇವರೇ, ಎಂದು ಕೂಗುತ್ತಾ ಕೊಯ್ದ ಕದಿರು ಮನೆಯ ಬಾಗಿಲಿಗೆ ಬರುವುದು ಸರಿ. ಜನ್ಮದಲ್ಲಿ ಒಂದು ತೆನೆಯನ್ನೂ ಕೊಯ್ಯದ ಈ ಯಂತ್ರಕ್ಕೆ ಯಾವ ಫಸಲನ್ನು ಹಾರೈಸಿದರೋ ತಿಳಿಯಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜಾರಿದ ಜಿಲ್ಲೆಯಲ್ಲಿ ಅದರ ಫಸಲು ಹುಲುಸಾಗುವುದು ಬೇಡ ಎಂದು ನನ್ನ ಹೆಂಡತಿ ಗೊಣಗಿದಳು. ಗೊಣಗಿದ್ದು ದೇವರಿಗೆ ಕೇಳಿಸಿರಲಿ.

ತಿತಿಮತಿ ದಾಟಿದರೆ ಕಾಡು. ವಾಹನ ನಿಲ್ಲಿಸಬಾರದು, ಪ್ರಾಣಿಗಳಿಗೆ ತಿನಿಸು ಕೊಡಬಾರದು ಎಂಬ ಫಲಕದ ಬುಡದಲ್ಲೇ ಕಾರು ನಿಲ್ಲಿಸಿದ ಕುಟುಂಬವೊಂದು ಕೋತಿಗೆ ಚಿಪ್ಸ್ ಕೊಡುತ್ತಿತ್ತು. ಕೋತಿ ಒಂದು ಚಿಪ್ಸ್ ತೆಗೆದು, ಮೂಸಿ, ಅದನ್ನು ಎಸೆದು ಪ್ಯಾಕೆಟ್ಟನ್ನೇ ಕಸಿದುಕೊಂಡು ಫಲಕದ ಮೇಲೇರಿ ಕುಳಿತಿತು.

ಆನೆಚೌಕೂರಿನ ಗೇಟಿನಲ್ಲಿ ಅರಣ್ಯ ಸಿಬ್ಬಂದಿಯೊಬ್ಬರು ನಮ್ಮ ಕಾರಿನ ಹಿಂಭಾಗವನ್ನು ದಿಟ್ಟಿಸಿದರು. "ಏನ್ ಸಾರ್, ಡಿಕ್ಕಿಯಿಂದ ಕಪ್ಪಗೆ ಸೋರ್ತಾ ಇದೆ?" ಕಾಡುಹಂದಿಯ ಬೇಟೆ ಅಪರಾಧವಾಗಿರುವ ನಾಡಿನಲ್ಲಿ, ಹಬ್ಬ ಮುಗಿದ ಮರುದಿನ, ಕಾಡಿನ ಬಾಗಿಲಲ್ಲಿ ನಿಂತವರಿಗೆ ಈ ಪ್ರಶ್ನೆ ಅಷ್ಟು ಹಿತವಾದುದಲ್ಲ. ಡಿಕ್ಕಿ ತೆರೆದೆ. ಬಾಳೆಲೆಯ ಬಿರಡೆ ಒಂದು ಕಡೆ, ಬಾಟಲಿ ಒಂದು ಕಡೆ. ಕಡಂಬುಟ್ಟುಗಳು ಹುಳಿ ಹೀರಿ ಕಬ್ಬಿಣದ ಗುಂಡುಗಳಂತೆ ಕಪ್ಪಾಗಿದ್ದವು. ಅವರು ಬೆರಳು ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡರು. ಮುಖ ಮೊದಲು ಕಿವುಚಿಕೊಂಡು ಆಮೇಲೆ ಅರಳಿತು. "ಕಾಚಂಪುಳಿ! ಅದೂ ಮನೇದು. ಛೇ, ಇಷ್ಟೊಂದು ಹೋಯ್ತಲ್ಲ ಸಾರ್." ಕಾನೂನಿನ ಅನುಮಾನ ಅಲ್ಲಿಗೆ ಮುಗಿದು ಸಂತಾಪ ಶುರುವಾಯಿತು. ಬಾಟಲಿಯನ್ನು ಬೆಳಕಿಗೆ ಹಿಡಿದು, ತಳದಲ್ಲಿ ಉಳಿದದ್ದನ್ನು ಅಳೆದು, ಸ್ವಲ್ಪ ಹೆಚ್ಚೇ ಬತ್ತಿಸಿದ್ದಾರೆ ಎಂದು ತೀರ್ಪನ್ನೂ ಕೊಟ್ಟರು. ಮೂವರೂ ಡಿಕ್ಕಿಯೊಳಗೆ ತಲೆ ತೂರಿಸಿ ನಿಂತದ್ದನ್ನು ನೋಡಿದ ಪ್ರವಾಸಿಗರ ಕಾರೊಂದು ಪಕ್ಕದಲ್ಲಿ ನಿಂತಿತು. ಒಳಗೆ ಯಾವುದೋ ಪ್ರಾಣಿ ಇರಬೇಕೆಂದು ಅವರೆಲ್ಲ ಮೊಬೈಲುಗಳನ್ನು ಹೊರಚಾಚಿದರು.

ಪಂಚವಳ್ಳಿ ಬಂದಾಗ ಫೋನಿಗೂ ಜೀವ ಬಂತು. ಅತ್ತೆಯವರು ಎಲ್ಲಿದ್ದೀರಿ ಎಂದು ಕೇಳಲಿಲ್ಲ, ಊಟವಾಯಿತೇ ಎಂದೂ ಕೇಳಲಿಲ್ಲ. "ಬಾಟಲಿ ಒಡೀಲಿಲ್ಲ ತಾನೇ?" ಎಂದರು. ಹೆಂಡತಿ ಎಲ್ಲ ಕಿಟಕಿಗಳನ್ನೂ ಇಳಿಸಿ, ಕಣ್ಣೊರೆಸಿಕೊಳ್ಳುತ್ತಾ, "ಬಾಟಲಿಗೆ ಏನೂ ಆಗಿಲ್ಲಮ್ಮ" ಎಂದಳು.