ಪಲ್ಟಿ ಆಗೂ ದೋಣಿ, ಮುಳುಗೂ ದೋಣಿ

ಹಾಯಿದೋಣಿ ರೇಸಿನ ವಿಡಿಯೊ ನೋಡಿದ ನಮ್ಮ ಕಡಿ ಮಂದಿ ಹೇಳೂದು ಒಂದ ಮಾತು: "ಎರಡು ದೋಣಿ ಜೋಡಿಸಿ ಕಟ್ಯಾರ, ಅಷ್ಟು ಅಗಲ ಅದ, ಅದೆಲ್ಲಿ ಪಲ್ಟಿ ಆಗ್ತದ?" ಇದರ ಉಲ್ಟಾ ಹೇಳೋರೂ ಅದಾರ. ಕ್ಯಾಟಮರಾನ್ ಅಂದ್ರ ಜೀವಕ್ಕ ಕುತ್ತು, ತಳಕ್ಕ ಸೀಸ ಕಟ್ಟಿದ ದೋಣಿನೇ ಭರೋಸೆದ್ದು ಅಂತಾರ ಅವರು. ಎರಡೂ ಅರ್ಧ ಖರೆ. ಒಂದು ಜಾತಿ ದೋಣಿ ಕೆಟ್ಟಾಗ ಮುಳುಗ್ತದ, ಇನ್ನೊಂದು ಕೆಟ್ಟಾಗ ಪಲ್ಟಿ ಆಗಿ ತೇಲ್ತದ. ರೇಸಿಗೆ ಇಳಿಯಾವ ಕೇಳಬೇಕಾದ್ದು ಯಾವುದು ಅಗಲ ಅಂತಲ್ಲ, ಯಾವುದು ಎಷ್ಟು ಮೊದಲು ಎಚ್ಚರಿಕಿ ಕೊಡ್ತದ ಅಂತ. ಈ ಲೆಕ್ಕದಾಗ ಮಲ್ಟಿಹಲ್, ಅಂದ್ರ ಎರಡು ಮೂರು ಒಡಲಿನ ದೋಣಿ, ಭಾಳ ಬಾಯಿ ಬಿಗಿ.

ಮೊದಲು ಹೆಸರು. ದೋಣಿ ಒಡಲಿಗೆ ಹಲ್ ಅಂತಾರ. ಒಂದು ಹಲ್ ಇದ್ರ ಮೊನೊಹಲ್, ಎರಡಿದ್ರ ಕ್ಯಾಟಮರಾನ್, ನಡುವ ಒಂದು ದೊಡ್ಡದು, ಆಜೂಬಾಜೂ ಎರಡು ಸಣ್ಣ ಫ್ಲೋಟ್ ಇದ್ರ ಟ್ರೈಮರಾನ್. ಕ್ಯಾಟಮರಾನ್ ಅನ್ನೂದು ತಮಿಳಿನ ಕಟ್ಟುಮರಂ, ಅಂದ್ರ ಕಟ್ಟಿದ ಮರ. ಇಂಗ್ಲಿಷಿನವರು ನಮ್ಮ ಪಕ್ಕದ ಮನಿಯಿಂದ ಒಯ್ದ ಮಾತು.

ಈಗ ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರಾಲಿ ಕಣ್ಣ ಮುಂದ ತಂದುಕೊಳ್ರಿ. ಆಳಂದ, ಅಫಜಲಪುರದ ರಸ್ತಾದಾಗ ದಿನಾ ಕಾಣ್ತದ. ರಸ್ತಾ ಒಂದು ಕಡಿ ಇಳಿಜಾರಿದ್ರೂ ಟ್ರಾಲಿ ಸುಮ್ಮನ ಹೋಗ್ತಿರ್ತದ, ಡ್ರೈವರನಿಗೆ ಏನೂ ಅನಸಂಗಿಲ್ಲ. ಒಂದು ಗಾಲಿ ನೆಲ ಬಿಟ್ಟು ಮ್ಯಾಲೆದ್ದ ಗಳಿಗ್ಯಾಗ ಆಟ ಮುಗೀತು, ಆಮ್ಯಾಲ ನಾಲ್ಕು ಮಂದಿ ಹಿಡಿದ್ರೂ ನಿಲ್ಲಂಗಿಲ್ಲ. ಕ್ಯಾಟಮರಾನ್ ಹಿಸಾಬೂ ಇದ. 6 ಟನ್ ತೂಕದ ಒಂದು ಕ್ಯಾಟಮರಾನ್ ತಗೋರಿ, ಎರಡು ಹಲ್ ನಡುವ 6 ಮೀಟರ್ ಅಂತರ. ತೂಕದ ನಡುಬಿಂದು ಒಂದು ಹಲ್ಲಿನಿಂದ 3 ಮೀಟರ್ ದೂರ. ಗಾಳಿ ಕಡಿ ಹಲ್ ನೀರು ಬಿಡೂ ಹೊತ್ತಿಗೆ ದೋಣಿನ್ನ ಸೀದಾ ಹಿಡಿದಿರೂ ಶಕ್ತಿ 6 ಗುಣಿಸು 3, ಹದಿನೆಂಟು ಟನ್-ಮೀಟರ್. ಇದು ಬರೂದು 10 ಡಿಗ್ರಿ ವಾಲೂದ್ರೊಳಗ. ಅದ ಎಲ್ಲಕ್ಕಿಂತ ದೊಡ್ಡ ಸಂಖ್ಯಾ, ಮುಂದ ಬರೇ ಇಳಿಕಿ. 45 ಡಿಗ್ರಿಗೆ ಅರ್ಧಕ್ಕಿಂತ ಕಡಿಮಿ, 70 ರಿಂದ 90 ಡಿಗ್ರಿ ನಡುವ ಎಲ್ಲೋ ಸೊನ್ನಿ. ಅದರಾಚಿಗೆ ದೋಣಿ ತಾನ ತಲಿಕೆಳಗಾಗಾಕ ಹೊರಡ್ತದ, ತಲಿಕೆಳಗಾದ ಮ್ಯಾಲ ಸೀದಾ ಇದ್ದಾಗಿನಷ್ಟ ಗಟ್ಟಿಯಾಗಿ ಹಂಗ ಕುಂದ್ರತದ.

ಅಷ್ಟ ತೂಕದ ಮೊನೊಹಲ್ 10 ಡಿಗ್ರಿಗೆ ತೋರಿಸೂ ಶಕ್ತಿ ಒಂದು ಟನ್-ಮೀಟರಿನ ಆಸುಪಾಸು, ಅಷ್ಟ. ಅದಕ್ಕ ಸಣ್ಣ ಗಾಳಿಗೂ ವಾಲ್ತದ, ಹೊಸಬರು ಹೆದರ್ತಾರ. ಆದ್ರ ವಾಲಿದಷ್ಟೂ ತಳದಾಗ ಇಳಿಬಿಟ್ಟ ರೆಕ್ಕಿ, ಕೀಲ್ ಅಂತಾರ ಅದಕ್ಕ, ಅದರಾಗಿನ ಸೀಸ ಹೊರಗ ಸರದು ಎಳೀತದ. 60 ಡಿಗ್ರಿ ಸುಮಾರಿಗೆ ಅದರ ಪೂರಾ ಬಲ, ಸಮುದ್ರಕ್ಕ ಹೋಗೂ ಒಳ್ಳೆ ದೋಣಿಗೆ ಸುಮಾರು 120 ಡಿಗ್ರಿ ತನಕ ಎದ್ದು ಬರೂ ತಾಕತ್ತು. ತಳದಾಗ ಮಣ್ಣು ತುಂಬಿದ ಗೊಂಬಿ ಹಂಗ.

ಇದಕ್ಕ ನಮ್ಮ ದೇಶದ ಉದಾಹರಣಿನ ಅದ. 2018ರ ಸೆಪ್ಟೆಂಬರದಾಗ ಅಭಿಲಾಷ್ ಟೋಮಿ ಜಗತ್ತು ಸುತ್ತೂ ಗೋಲ್ಡನ್ ಗ್ಲೋಬ್ ರೇಸಿನ್ಯಾಗ ಒಬ್ಬರ ಹೊಂಟಿದ್ರು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ದೋಣಿ ತುರಿಯಾ ಉರುಳ್ತು, ಹಾಯಿಕಂಬ ಮುರೀತು, ಅವರ ಬೆನ್ನಿಗೆ ಬಲವಾದ ಪೆಟ್ಟು ಬಿತ್ತು. ಆದ್ರೂ ದೋಣಿ ತಾನಾಗೇ ಎದ್ದು ತೇಲ್ತಿತ್ತು. ಅವರು ಒಳಗ ಮಲಗಿದಲ್ಲಿಂದನ ಸಂದೇಶ ಕಳಿಸಿದ್ರು, ಫ್ರಾನ್ಸಿನ ಒಸಿರಿಸ್ ಹಡಗು ಬಂದು ಎತ್ಕೊಂಡು ಹೋಯ್ತು. ಅದೇ ಜಾಗಾದಾಗ ಕ್ಯಾಟಮರಾನ್ ಉರುಳಿದ್ರ ಒಳಗಿನಾವ ಛತ್ತಿನ ಮ್ಯಾಲ ನಿಂದ್ರಬೇಕಾಗ್ತಿತ್ತು, ತಳದ ಕಿಂಡಿ ತಗದು ಹೊರಗ ಬರಬೇಕಾಗ್ತಿತ್ತು.

ಹಂಗಂತ ಮೊನೊಹಲ್ ಗೆದ್ತು ಅಂತ ಬರದುಬಿಡಬ್ಯಾಡ್ರಿ. ಎದ್ದು ಬರೂದು ಎಲ್ಲಾ ಆ ಕೀಲಿನ ಮ್ಯಾಲ ನಿಂತದ, ಕೀಲ್ ನಿಂತದ್ದು ಕೆಲವು ಬೋಲ್ಟಿನ ಮ್ಯಾಲ. 2011ರಾಗ ಇಂಗ್ಲೆಂಡಿನಿಂದ ಹೊರಡೂ ಫಾಸ್ಟ್‌ನೆಟ್ ರೇಸಿನ್ಯಾಗ 100 ಅಡಿಯ ರಾಂಬ್ಲರ್ ದೋಣಿ ಕೀಲ್ ಮುರದು ನೋಡ ನೋಡೂದ್ರೊಳಗ ತಲಿಕೆಳಗಾಯ್ತು. 21 ಮಂದಿನೂ ಉಳದ್ರು, ದಂಡಿ ಹತ್ರ ಇತ್ತು ಅಂತ. 2014ರಾಗ ಅಟ್ಲಾಂಟಿಕ್ ನಡುವ ಚೀಕಿ ರಫೀಕಿ ಅನ್ನೂ ದೋಣಿಯ ಕೀಲ್ ಬಿದ್ದು ನಾಲ್ಕೂ ಮಂದಿ ಹೋದ್ರು. ಒಮ್ಮೆ ಕೆಳಗ ಕಲ್ಲಿಗೋ ಮರಳಿಗೋ ತಾಕಿದ ದೋಣ್ಯಾಗ ಕೀಲ್ ಮತ್ತು ಒಡಲು ಕೂಡೂ ಜಾಗಾದಾಗ ಕೂದಲೆಳಿಯಂಥ ಬಿರುಕು, ತುಕ್ಕಿನ ಕಲಿ, ಒಳಗ ಒಸರೂ ನೀರು ಕಂಡ್ರ ಅದು ಸಣ್ಣ ಸಂಗತಿ ಅಲ್ಲ. ಮ್ಯಾಲ ಬಣ್ಣ ಬಳದು ಮುಚ್ಚೋರು ಅದಾರ, ಅವರ ಜೋಡಿ ರೇಸಿಗೆ ಹೋಗಬ್ಯಾಡ್ರಿ. ಇನ್ನ ಒಡಲು ಒಡದು ನೀರು ಹೊಕ್ಕರ ಸೀಸ ಕಟ್ಟಿಕೊಂಡ ದೋಣಿ ಸೀದಾ ತಳಕ್ಕ. 1979ರ ಫಾಸ್ಟ್‌ನೆಟ್ ಬಿರುಗಾಳ್ಯಾಗ 303 ದೋಣಿ ಹೊಂಟಿದ್ವು, ರೇಸಿನ 15 ಮಂದಿ ತೀರಿಕೊಂಡ್ರು, 5 ದೋಣಿ ಮುಳುಗಿದ್ವು.

ಮಲ್ಟಿಹಲ್ಲಿಗೆ ಸೀಸ ಇಲ್ಲ. ಫೋಮ್ ತುಂಬಿದ ಹಗುರ ಗೋಡಿ, ಬ್ಯಾರೆ ಬ್ಯಾರೆ ಖೋಲಿ, ಒಂದು ತುಂಬಿದ್ರ ಇನ್ನೊಂದು ಹಿಡೀತದ. 1989ರಾಗ ನ್ಯೂಜಿಲೆಂಡ್ ಕಡಿ ರೋಸ್-ನೊಯೆಲ್ ಅನ್ನೂ ಟ್ರೈಮರಾನ್ ಪಲ್ಟಿ ಆಗಿ ನಾಲ್ಕು ಮಂದಿ 119 ದಿನ ಆ ಉಲ್ಟಾ ದೋಣಿ ಮ್ಯಾಲನ ಬದುಕಿದ್ರು. ಸೀಸದ ದೋಣಿ ಮುಳುಗಿದ್ರ ಕೈಯಾಗ ಉಳಿಯೂದು ರಬ್ಬರ್ ರಾಫ್ಟ್ ಒಂದ. ಸಮುದ್ರದ ರೇಸಿನ ನಿಯಮದಾಗ ಮಲ್ಟಿಹಲ್ಲಿನ ತಳಕ್ಕ ದೂರದಿಂದ ಎದ್ದು ಕಾಣೂ ಬಣ್ಣ ಬಳೀಬೇಕು, ಉಲ್ಟಾ ಆದ್ರ ಹೊರಗ ಬರಾಕ ಕಿಂಡಿ ಇಡಬೇಕು ಅಂತ ಇರೂದು ಇದಕ್ಕ. ಪಲ್ಟಿ ಆಗ್ತದ ಅಂತ ಒಪ್ಪಿಕೊಂಡ ಬರದ ನಿಯಮ.

ಇಷ್ಟು ಅಪಾಯ ಇದ್ರೂ ಯಾಕ ಓಡಸ್ತಾರ? ವೇಗಕ್ಕ. ಒಬ್ಬನ ಜಗತ್ತು ಸುತ್ತೂದು ಟ್ರೈಮರಾನಿನ್ಯಾಗ ಫ್ರಾನ್ಸ್ವಾ ಗಬಾರ್ 2017ರಾಗ 42 ದಿನಕ್ಕ ಮುಗಿಸಿದ. ಹಂಗ ಒಬ್ಬನ ಜಗತ್ತು ಸುತ್ತೂ ಮೊನೊಹಲ್ಲಿನ ವಾಂಡೇ ಗ್ಲೋಬ್ ರೇಸನ್ನ 2025ರ ಜನವರ್ಯಾಗ ಗೆದ್ದ ಶಾರ್ಲಿ ದಲಾನಿಗೆ 64 ದಿನ ಹಿಡೀತು. ಈ ಫರಕಿಗೆ ಬೆಲೆನೂ ಅದ. 2002ರಾಗ ಅಟ್ಲಾಂಟಿಕ್ ದಾಟೂ ರೂಟ್ ದ್ಯು ರಮ್ ರೇಸಿಗೆ ಹೊಂಟ 60 ಅಡಿ ಟ್ರೈಮರಾನು 18, ಮುಟ್ಟಿದ್ದು 3. ಕೆಲವು ಮುರದ್ವು, ಕೆಲವು ಮಗುಚಿದ್ವು.

ಈಗ ನಾ ಖರೇ ಹೇಳಬೇಕಂದ ಜಾಗಾಕ್ಕ ಬಂದೆ. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಾಗ ಏರ್ತದ. 14 ನಾಟಿನ ಗಾಳಿ 20 ನಾಟ್ ಆದ್ರ ಒತ್ತಡ ದುಪ್ಪಟ್ಟು, ಗಂಟಿಗೆ 26 ಕಿಲೋಮೀಟರ್ ಇದ್ದದ್ದು 37 ಆದಂಗ, ಅಷ್ಟ. ಮೊನೊಹಲ್ ಆ ಜೋರಿಗೆ ವಾಲಿ ಹಾಯಿಯಿಂದ ಗಾಳಿ ಜಾರಿಸ್ತದ, ಡೆಕ್ ಅಂಚು ನೀರಿಗೆ ತಾಕ್ತದ, ಕುಂತವರ ಪಾದ ಜಾರ್ತಾವು, ಎಲ್ಲರಿಗೂ ತಿಳೀತದ. ಕ್ಯಾಟಮರಾನ್ ವಾಲಂಗಿಲ್ಲ, ಜೋರ್ ಓಡ್ತದ. ಛಾ ಕಪ್ಪಿನ್ಯಾಗಿನ ಛಾ ಸುತಾ ಅಲ್ಲಾಡಂಗಿಲ್ಲ. ಅದಕ್ಕ ಮಲ್ಟಿಹಲ್ಲಿನ ಹಾಯಿ ಇಳಿಸಿ ಸಣ್ಣದು ಮಾಡೂದು, ರೀಫ್ ಅಂತಾರಲ್ಲ ಅದು, ಬೀಸೂ ಸರಾಸರಿ ಗಾಳಿ ನೋಡಿ ಅಲ್ಲ, ನಡುನಡುವ ಬಡಿಯೂ ಜೋರ್ ಗಾಳಿ ನೋಡಿ. ಮೀಟರ್ ನೋಡಿ ಮಾಡಬೇಕು, ಮೈ ಕೇಳಿ ಅಲ್ಲ. "ಇನ್ನೊಂದು ಸುತ್ತು ಆಗಲಿ, ಆಮ್ಯಾಲ ಇಳಿಸೋಣು" ಅಂದಾವನ ದೋಣಿನ ಮಗುಚೂದು.

ಜೋರ್ ಗಾಳಿ ಬಡದಾಗ ಚುಕ್ಕಾಣಿ ಯಾಕಡಿ ಅನ್ನೂದೂ ಬ್ಯಾರೆ. ಮೊನೊಹಲ್ಲಿನವರಿಗೆ ರೂಢಿ ಆಗಿರೂದು ಗಾಳಿ ಮುಖಕ್ಕ ತಿರುಗಿಸೂದು. ಕ್ಯಾಟಮರಾನ್ ಗಾಳಿಗೆ ಎದುರಾಗಿ ಏರ್ತಿದ್ರ ಅದು ಬರಾಬರ್. ಗಾಳಿ ಅಡ್ಡಕ್ಕೋ ಹಿಂದಿನಿಂದೋ ಇದ್ದು ಜೋರ್ ಓಡ್ತಿದ್ದಾಗ ಹಂಗ ಫಟ್ಟನ ತಿರುಗಿಸಿದ್ರ, ವೇಗಕ್ಕ ಹೊರಗ ಒಗಿಯೂ ಬಲ ಗಾಳಿ ಬಲದ ಜೋಡಿ ಸೇರಿ ದೋಣಿನ್ನ ಅನಾಮತ್ತ ಎತ್ತಿ ಒಗೀತದ. ಅಲ್ಲಿ ಗಾಳಿ ಹೋಗೂ ಕಡಿನ ತಿರುಗಿಸಬೇಕು. ಈ ಎರಡರ ನಡುವಿನ ಕೋನ, ಗಾಳಿ ಸೀದಾ ಬದಿಗೆ ಬಡಿಯೂದು, ಅದ ಎಲ್ಲಕ್ಕಿಂತ ಕೆಟ್ಟದ್ದು. ಯಾಕಡಿ ತಿರುಗಿದ್ರೂ ಒಂದು ಗಳಿಗಿ ಒತ್ತಡ ಏರ್ತದ. ಅಲ್ಲಿ ಉಳಿಸೂದು ಹಾಯಿ ಹಗ್ಗ ಒಂದ, ಶೀಟ್ ಅಂತಾರ. ಅದು ಕ್ಲೀಟಿನ್ಯಾಗ, ಅಂದ್ರ ಹಗ್ಗ ಕಚ್ಚಿ ಹಿಡಿಯೂ ಹಿಡಿಕ್ಯಾಗ, ಸಿಗಸಿ ಬಿಟ್ಟಿರಬಾರದು, ಒಬ್ಬರ ಕೈಯಾಗ ಇರಬೇಕು. ದೊಡ್ಡ ಟ್ರೈಮರಾನುಗಳಾಗ ಇಂತಿಷ್ಟು ಡಿಗ್ರಿ ವಾಲಿದ್ರ ಶೀಟ್ ತಾನಾಗೇ ಬಿಡೂ ಯಂತ್ರ ಇರ್ತದ, ಯಾಕಂದ್ರ ಒಬ್ಬನ ಹೋಗಾವ ನಿದ್ದಿನೂ ಮಾಡಬೇಕಲ್ಲ.

ಪಲ್ಟಿ ಬದಿಗಷ್ಟ ಆಗಂಗಿಲ್ಲ. ಗಾಳಿ ಹಿಂದಿದ್ದಾಗ ಕೆಳಗಿನ ಹಲ್ಲಿನ ಮೂಗು ತೆರಿಯೊಳಗ ಹೊಕ್ಕು, ದೋಣಿ ಬ್ರೇಕ್ ಹಾಕಿದಂಗ ನಿಂತು, ಹಿಂಭಾಗ ಮ್ಯಾಲೆದ್ದು ಮುಂದಕ್ಕ ಲಾಗ ಹಾಕ್ತದ. 2017ರ ಜೂನಿನ್ಯಾಗ ಬರ್ಮುಡಾದಾಗ ಅಮೆರಿಕಾಸ್ ಕಪ್ಪಿನ ನ್ಯೂಜಿಲೆಂಡ್ ತಂಡದ ಕ್ಯಾಟಮರಾನ್ ಹಿಂಗ ಬಿತ್ತು, ಮುಂದ ಕಪ್ಪು ಗೆದ್ದವರೂ ಅವರ. ಅದಕ್ಕ ನಾಲ್ಕು ವರ್ಷ ಮೊದಲು ಸ್ಯಾನ್ ಫ್ರಾನ್ಸಿಸ್ಕೋದಾಗ ಆರ್ಟೆಮಿಸ್ ತಂಡದ ದೋಣಿ ಅಭ್ಯಾಸದಾಗ ಪಲ್ಟಿ ಆಗಿ ಮುರದು, ಆಂಡ್ರ್ಯೂ ಸಿಂಪ್ಸನ್ ಅದರ ಕೆಳಗ ಸಿಕ್ಕು ತೀರಿಕೊಂಡ. ಒಲಿಂಪಿಕ್ ಬಂಗಾರ ಗೆದ್ದಾವ. ಗಾಳಿ ಹಿಂದಿದ್ದಾಗ ಎಲ್ಲರೂ ಹಿಂದ ಸರದು ಕುಂದ್ರೂದು ಬರೇ ಆರಾಮಕ್ಕ ಅಲ್ಲ.

ನಮ್ಮ ನೀರಿಗೆ ಬರೂಣು. ಕೃಷ್ಣಾದಾಗ ಹರಿಗೋಲು ಹಾಕೋರು ಹತ್ತಿದ ಕೂಡ್ಲೆ "ಕುಂದ್ರಿ, ಎದ್ದು ನಿಂದ್ರಬ್ಯಾಡ್ರಿ" ಅಂತಾರ. ಹರಿಗೋಲಿಗೂ ಕೀಲ್ ಇಲ್ಲ, ಅಗಲದ ಬಲ ಅಷ್ಟ. ಹೈದರಾಬಾದಿನ ಹುಸೇನ್ ಸಾಗರದಾಗ ಮಳಿಗಾಲದಾಗ ಓಡಸೂ ಲೇಸರ್ ಅನ್ನೂ ಸಣ್ಣ ದೋಣಿ ಮೊನೊಹಲ್ಲೇ, ಆದ್ರ ಸೀಸ ಇಲ್ಲ. ಅದು ದಿನಕ್ಕ ನಾಲ್ಕು ಸಲ ಪಲ್ಟಿ ಆದ್ರೂ ತಳದ ಹಲಿಗಿ ಮ್ಯಾಲ ನಿಂತು ಒಬ್ಬರ ಎಬ್ಬಿಸಬಹುದು. ಅದಕ್ಕ ಕಲಿಯೋರಿಗೆ ನಾ ಹೇಳೂದು ಮೊದಲು ಲೇಸರ್, ಆಮ್ಯಾಲ ಸಣ್ಣ ಕ್ಯಾಟಮರಾನ್.

ಆ ಸಣ್ಣದು ಹೋಬಿ 16 ಇದ್ರ ಎಬ್ಬಿಸೂದು ಹಿಂಗ. ಉದ್ದ 5 ಮೀಟರ್, ತೂಕ ಸುಮಾರು 145 ಕಿಲೋ. ಬಿದ್ದ ಕೂಡ್ಲೆ ತಲಿ ಎಣಿಸ್ರಿ, ದೋಣಿ ಬಿಟ್ಟು ಈಜಬ್ಯಾಡ್ರಿ. ಎರಡೂ ಶೀಟ್ ಕ್ಲೀಟಿನಿಂದ ಪೂರಾ ಬಿಡ್ರಿ, ಇಲ್ಲಾಂದ್ರ ಎದ್ದ ದೋಣಿ ನಿಮ್ಮನ್ನ ಬಿಟ್ಟು ಓಡ್ತದ. ಕೆಳಗಿನ ಹಲ್ ಮ್ಯಾಲ ನಿಂತು ಮೂಗಿನ ಕಡಿ ನಡೀರಿ, ಆ ಭಾರಕ್ಕ ದೋಣಿ ಮೆಲ್ಲಕ ತಿರುಗಿ ಗಾಳಿಗೆ ಮುಖ ಮಾಡ್ತದ. ಆಮ್ಯಾಲ ನಡುವಿಗೆ ಬಂದು ಎಬ್ಬಿಸೂ ಹಗ್ಗ ಮ್ಯಾಲಿನ ಹಲ್ ದಾಟಿಸಿ ಹಿಡದು, ಮೊಣಕಾಲು ಬಗ್ಗಿಸದಂಗ ಬೆನ್ನು ನೀರಿಗೆ ತಾಕೂ ತನಕ ಹಿಂದಕ್ಕ ವಾಲ್ರಿ. ಇಬ್ಬರೂ ಕೂಡಿ 130 ಕಿಲೋ ಆದ್ರೂ ಬೇಕು. ಜಗ್ಗಬ್ಯಾಡ್ರಿ, ತೂಗಿ ನಿಂದ್ರಿ. ಹಾಯಿಯಿಂದ ನೀರು ಇಳೀಲಿಕ್ಕ ಹೊತ್ತು ಬೇಕು. ಕಂಬ ನೀರು ಬಿಟ್ಟ ಮ್ಯಾಲ ಗಾಳಿನ ಉಳಿದದ್ದು ಮಾಡ್ತದ, ಮ್ಯಾಲಿನ ಹಲ್ ನಿಮ್ಮ ತಲಿ ಮ್ಯಾಲ ಬರ್ತದ, ಬಗ್ಗಿ ನಡುವಿನ ಅಡ್ಡ ಪೈಪ್ ಹಿಡ್ಕೋರಿ.

ಬಿದ್ದ ಒಂದೆರಡು ನಿಮಿಷದಾಗ ಪೂರಾ ಉಲ್ಟಾ ಆದ್ರ ಕಂಬದೊಳಗ ನೀರು ಹೊಕ್ಕದ ಅಂತ. ರಿವೆಟ್ ಸಂದಿಗೆ ಸಿಲಿಕಾನ್ ತುಂಬೂದು ದಂಡ್ಯಾಗ ಮಾಡೂ ಕೆಲಸ. ಮತ್ತ ಇಂಥ ದೋಣಿ ಕಾರಂಜಾ, ನಾರಾಯಣಪುರದಂಥ ಡ್ಯಾಮಿನ ನೀರಾಗ ಇಳಿಸೂ ಮೊದಲು ಮ್ಯಾಲ ನೋಡ್ರಿ. ಅಲ್ಯೂಮಿನಿಯಂ ಕಂಬ ಕರೆಂಟ್ ತಂತಿಗೆ ತಾಕಿ ಸತ್ತವರು ಅದಾರ, ಅದಕ್ಕ ಹೋಬಿಯ ಕಂಬದ ತುದಿ ಕರೆಂಟ್ ಹರೀದ ವಸ್ತುವಿನಿಂದ ಮಾಡ್ಯಾರ. ತುದಿ ಅಷ್ಟ, ಕೆಳಗಿನದು ಅಲ್ಯೂಮಿನಿಯಂನ. ದೋಣಿ ನೀರಿಗೆ ದಬ್ಬೂ ಹಾದಿ ಮ್ಯಾಲ ತಂತಿ ಇದ್ರ ಕಂಬ ಎಬ್ಬಿಸೂದು ಆ ಕಡಿ ದಾಟಿದ ಮ್ಯಾಲ.